ಅತ್ತೆಮೀನು ಎಷ್ಟಿವೆ

ಪರದೆಯ ಮೇಲೆ ಮುನ್ನೂರ ಅರವತ್ತು ಎಂದು ಬಂದಾಗ ನಾನು ಕಂಪ್ಯೂಟರನ್ನೇ ಆರಿಸಿ ಮತ್ತೆ ಚಾಲೂ ಮಾಡಿದೆ. ಹಾಗೆ ಮಾಡಿದರೆ ಲೆಕ್ಕ ಬದಲಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಮತ್ತೆ ಅದೇ ಬಂತು.

ಮೀನು ಐನೂರಕ್ಕಿಂತ ಕಡಿಮೆಯಾದರೆ ಮೂರು ದ್ವೀಪಗಳ ಸುತ್ತಲಿನ ಹವಳದ ದಿಬ್ಬದಲ್ಲಿ ಯಾರೂ ಬಲೆ ಹಾಕಬಾರದು ಎಂದು ನಮ್ಮ ವರದಿ ಕೇಳಿದ್ದ ಸಮಿತಿ ಮೊದಲೇ ತೀರ್ಮಾನಿಸಿತ್ತು. ದ್ವೀಪದಲ್ಲಿ ಬಲೆ ಬಿಟ್ಟರೆ ಬೇರೆ ಕಸುಬಿಲ್ಲ. ದಿಬ್ಬ ಮುಚ್ಚಿದರೆ ಅಲ್ಲಿನ ಮನೆಗಳವರೆಲ್ಲ ಗಂಟುಮೂಟೆ ಕಟ್ಟಿಕೊಂಡು ದಡಕ್ಕೆ ಬರಬೇಕು. ನಡುವಿನ ದ್ವೀಪದಲ್ಲಿ ನನ್ನ ಅಕ್ಕ ಇದ್ದಾಳೆ. ಭಾವ ಬಲೆಯನ್ನೇ ನಂಬಿದವರು.

ಈ ವಿಷಯವನ್ನು ನಾನು ಮುಚ್ಚಿಟ್ಟಿರಲಿಲ್ಲ. ಕೆಲಸ ಒಪ್ಪಿಕೊಳ್ಳುವಾಗಲೇ ಈ ಎಣಿಕೆ ನಡೆಸುವ ಮೇಡಂಗೆ ಹೇಳಿದ್ದೆ. ಅವರು ಮೀನುಗಳ ವಿಷಯದಲ್ಲಿ ದೊಡ್ಡ ಓದು ಓದಿದವರು. "ಒಳ್ಳೇದೇ ಆಯ್ತು, ಉಳ್ಕೊಳ್ಳೋಕೆ ಜಾಗ ಹುಡುಕೋ ತಾಪತ್ರಯ ತಪ್ತು" ಎಂದಿದ್ದರು. ನಾನು ಹೇಳಿದ್ದು ಅವರಿಗೆ ಅರ್ಥವಾಯಿತೋ ಇಲ್ಲವೋ ಎಂದು ಆಗಲೇ ಅನುಮಾನ ಬಂದಿತ್ತು. ಎರಡನೇ ಸಲ ಹೇಳಿದರೆ ನಾನೇನೋ ದೊಡ್ಡ ಪ್ರಾಮಾಣಿಕಳು ಎಂದು ತೋರಿಸಿಕೊಂಡ ಹಾಗಾಗುತ್ತದೆ ಎಂದು ಸುಮ್ಮನಾದೆ.

ನಮ್ಮ ಆಫೀಸು ಐಸ್ ಕಾರ್ಖಾನೆಯ ಮೇಲಿನ ಮಹಡಿಯಲ್ಲಿದೆ. ಕೆಳಗೆ ಯಂತ್ರ ಓಡಿದಾಗ ನಮ್ಮ ನೆಲ ನಡುಗುತ್ತದೆ, ಲೋಟದಲ್ಲಿನ ನೀರಿನ ಮೇಲೆ ಬಳೆಬಳೆಯಾಗಿ ಗೆರೆ ಏಳುತ್ತದೆ. ಆ ಗೆರೆಗಳನ್ನೇ ನೋಡುತ್ತ ಒಂದು ಪ್ರಶ್ನೆ ಕೇಳಿಕೊಂಡೆ. ಇದೇ ಲೆಕ್ಕ ಒಂಬೈನೂರು ಎಂದು ಬಂದಿದ್ದರೆ ನಾನು ಕಂಪ್ಯೂಟರ್ ಆರಿಸಿ ಹಚ್ಚುತ್ತಿದ್ದೆನೇ? ಇಲ್ಲ. ಹಾಗಾದರೆ ತಪ್ಪು ಹುಡುಕಬೇಕೆಂಬ ಈ ಚಡಪಡಿಕೆ ಲೆಕ್ಕದ ಮೇಲಿನ ನಿಷ್ಠೆಯೋ, ಅಕ್ಕನ ಮೇಲಿನ ಮಮತೆಯೋ? ಹುಡುಕಿದರೂ ತಪ್ಪು, ಹುಡುಕದಿದ್ದರೂ ತಪ್ಪು ಅನ್ನಿಸಿತು.

ನಾವು ಎಣಿಸುತ್ತಿದ್ದದ್ದು ಒಂದೇ ಜಾತಿಯ ಮೀನನ್ನು. ಅಂಗೈಯಷ್ಟು ಉದ್ದ, ಮಣ್ಣಿನ ಬಣ್ಣ, ಕಣ್ಣಿನ ಸುತ್ತ ಬಿಳಿ ಉಂಗುರ. ಹವಳದ ಪೊಟರೆಯಿಂದ ಮುಖ ಮಾತ್ರ ಹೊರಗೆ ಹಾಕಿ, ಬಂದವರನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗುತ್ತದೆ. ಅದಕ್ಕೇ ದ್ವೀಪದವರು ಅದನ್ನು ಅತ್ತೆಮೀನು ಅನ್ನುತ್ತಾರೆ. ಈ ದಿಬ್ಬ ಬಿಟ್ಟರೆ ಅದು ಬೇರೆಲ್ಲೂ ಇದ್ದಂತಿಲ್ಲ. ಯಾರೂ ಅದನ್ನು ತಿನ್ನುವುದಿಲ್ಲ, ಬರೀ ಮುಳ್ಳು. ಆದರೆ ಬೇರೆ ಮೀನಿಗೆ ಹಾಕಿದ ಬಲೆ ಹವಳಕ್ಕೆ ಸಿಕ್ಕಿ ಪೊಟರೆಗಳು ಒಡೆಯುತ್ತವೆ ಎಂದು ಮೇಡಂ ಹೇಳುತ್ತಾರೆ.

ಎಣಿಸುವ ಕ್ರಮ ಹೀಗೆ. ನೀರಿನ ತಳದಲ್ಲಿ ಉದ್ದಕ್ಕೆ ಟೇಪು ಹಾಸುತ್ತೇವೆ. ಆಮೆಯಣ್ಣ ಅದರ ಮೇಲೆ ನಿಧಾನವಾಗಿ ಈಜುತ್ತ, ಎಡಬಲಕ್ಕೆ ಒಂದೊಂದು ಮಾರಿನೊಳಗೆ ಕಂಡ ಅತ್ತೆಮೀನಿಗೆಲ್ಲ ಪ್ಲಾಸ್ಟಿಕ್ ಹಲಗೆಯ ಮೇಲೆ ಗೀಟು ಹಾಕುತ್ತಾರೆ. ಆಮೆಯಣ್ಣ ನಮ್ಮ ಮುಳುಗುಗಾರರು, ಬೋಟು ಓಡಿಸುವವರೂ ಅವರೇ. ನೀರಿನಲ್ಲಿ ಅವಸರ ಮಾಡುವುದಿಲ್ಲ, ಅದಕ್ಕೆ ಆ ಹೆಸರು. ಟೇಪಿನ ಅಕ್ಕಪಕ್ಕದಲ್ಲಿ ಇಷ್ಟು ಮೀನಿದ್ದರೆ ಇಡೀ ದಿಬ್ಬದಲ್ಲಿ ಎಷ್ಟಿರಬಹುದು ಎಂದು ಲೆಕ್ಕ ಹಾಕುವುದು ನನ್ನ ಪಾಲು.

ಇಲ್ಲಿ ಒಂದು ತೊಡಕಿದೆ. ಅತ್ತೆಮೀನಿಗೆ ಕುತೂಹಲ ಜಾಸ್ತಿ. ಈಜುವವರು ಮುಂದೆ ಹೋದ ಮೇಲೆ ಪೊಟರೆಯಿಂದ ಹೊರಬಿದ್ದು ಹಿಂದೆಯೇ ಬರುತ್ತದೆ, ಪಕ್ಕದಿಂದ ದಾಟಿ ಮುಂದಿನ ಪೊಟರೆಯಲ್ಲಿ ಕೂತು ಮತ್ತೆ ಇಣುಕುತ್ತದೆ. ಎಣಿಸುವವರಿಗೆ ಅದು ಹೊಸ ಮೀನು. ಸಂಜೆ ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಒಂದನ್ನು ಎರಡು ಸಲ ಎಣಿಸುವುದಕ್ಕಿಂತ ದೊಡ್ಡ ಪಾಪವಿಲ್ಲ ಎಂದು ಹೇಳಿಕೊಟ್ಟಿದ್ದರು. ನಾನು ದಿಬ್ಬದಲ್ಲಿ ತೆಗೆದ ಹಳೆಯ ವಿಡಿಯೋಗಳನ್ನು ಕೂತು ನೋಡಿ, ಕಂಡ ಮೂರರಲ್ಲಿ ಒಂದು ಹೀಗೆ ಹಿಂಬಾಲಿಸಿ ಬಂದದ್ದು ಎಂದು ಅಂದಾಜು ಮಾಡಿ, ಆಮೆಯಣ್ಣನ ಲೆಕ್ಕದಿಂದ ಮೂರನೇ ಒಂದು ಪಾಲು ಕಳೆದಿದ್ದೆ. ಮೇಡಂ ಮೆಚ್ಚಿದ್ದರು. ಕಳೆಯದಿದ್ದರೆ ಬರುತ್ತಿದ್ದದ್ದು ಐನೂರ ನಲವತ್ತು.

"ವರದಿ ಕಳಿಸೋಕೆ ಮುಂಚೆ ಒಂದ್ಸಲ ಹೋಗಿ ಟೇಪು ಹಾಸಿದ ಜಾಗದ ಆಳ ಮತ್ತೆ ಅಳೆದು ಬನ್ನಿ" ಎಂದರು ಮೇಡಂ. "ಹಾಗೇ ನಿಮ್ಮ ಅಕ್ಕನ ಮನೆಯವರಿಗೂ ನೀವೇ ಮೆಲ್ಲಗೆ ಹೇಳಿದ್ರೆ ವಾಸಿ."

ನಾನು ಹೊರಟೆ.

ಬೋಟಿನಲ್ಲಿ ನಾವಿಬ್ಬರೇ. ದಡ ಕಣ್ಮರೆಯಾಯಿತು. ಆಮೆಯಣ್ಣ ಕೇಳಿದರು.

"ಏನ್ ಲೆಕ್ಕಮ್ಮ, ಕೊನೆಗೆ ಎಷ್ಟು ಜನ ಅತ್ತೆಯರು ಸಿಕ್ಕಿದ್ರು?"

"ಮುನ್ನೂರ ಅರವತ್ತು."

"ಅಷ್ಟೇನಾ? ನಮ್ಮನೇಲಿ ಒಬ್ರು ಇದ್ದಾರೆ, ಅವರೊಬ್ರೇ ಮುನ್ನೂರಕ್ಕೆ ಸಮ." ನಾನು ನಗದಿದ್ದದ್ದನ್ನು ನೋಡಿ ತಮಾಷೆ ಬಿಟ್ಟರು. "ನಾನು ಇನ್ನೂ ಜಾಸ್ತಿ ಬರ್ದಿದ್ದೆ ಅನ್ಸುತ್ತಲ್ಲ."

"ಬರ್ದಿದ್ರಿ. ಅದರಲ್ಲಿ ಮೂರನೇ ಒಂದು ಪಾಲು ಕಳೆದಿದ್ದೀನಿ. ಹಿಂದೆ ಹಿಂದೆ ಬರೋ ಮೀನು ಎರಡೆರಡು ಸಲ ಲೆಕ್ಕಕ್ಕೆ ಬರುತ್ತಲ್ಲ, ಅದಕ್ಕೆ."

ಆಮೆಯಣ್ಣ ಇಂಜಿನ್ನಿನ ವೇಗ ಇಳಿಸಿದರು. ಬೋಟು ಒಮ್ಮೆ ಮೂಗು ತಗ್ಗಿಸಿತು.

"ಹಿಂದೆ ಬರೋದನ್ನ ನಾನು ಬರೆಯೋದೇ ಇಲ್ವಲ್ಲ ಲೆಕ್ಕಮ್ಮ."

"ಏನಂದ್ರಿ?"

"ನೀವೇ ಹೇಳಿದ್ರಿ. ಮೊದಲನೇ ದಿನ, ಇದೇ ಬೋಟಲ್ಲಿ. 'ಒಂದೇ ಮೀನನ್ನ ಎರಡು ಸಲ ಬರೀಬೇಡಿ ಅಣ್ಣ, ಕೈ ಮುಗೀತೀನಿ' ಅಂದ್ರಿ. ನಾನು ಹಿಂದೆ ತಿರುಗಿ ನೋಡ್ತೀನಿ. ಹಿಂದಿಂದ ಬಂದ ಅತ್ತೆ ಆದ್ರೆ ಬಿಡ್ತೀನಿ."

ಹೇಳಿದ್ದೆ. ಕೈ ಮುಗಿದದ್ದೂ ನಿಜ. ಆಮೇಲೆ ಹಾಳೆಯಲ್ಲಿ ಅಚ್ಚು ಹಾಕಿಸಿದ ಸೂಚನೆಯಲ್ಲಿ 'ಕಂಡದ್ದನ್ನೆಲ್ಲ ಗುರುತು ಹಾಕುವುದು' ಎಂದು ಬರೆದವಳೂ ನಾನೇ. ಹಿಂಬಾಲಿಸುವ ಮೀನಿನ ಲೆಕ್ಕವನ್ನು ಅವರೊಮ್ಮೆ ಕಳೆದಿದ್ದರು, ಅದನ್ನೇ ನಾನು ಇನ್ನೊಮ್ಮೆ ಕಳೆದಿದ್ದೆ. ಹಾಗಾದರೆ ಐನೂರ ನಲವತ್ತೇ ಸರಿ. ದಿಬ್ಬ ಮುಚ್ಚಬೇಕಿಲ್ಲ! ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಳಿದ ಮರುಕ್ಷಣವೇ ಭಯವಾಯಿತು.

"ಪ್ರತಿ ಸಲವೂ ಬಿಟ್ಟಿದ್ದೀರಾ ಅಣ್ಣ?"

"ಪ್ರತಿ ಸಲ ಅಂದ್ರೆ..." ಅವರು ಗಡ್ಡ ಕೆರೆದುಕೊಂಡರು. "ಮೇಡಂ ಬೋಟಲ್ಲಿ ಇದ್ದಾಗ ಎಲ್ಲಾನೂ ಬರ್ದೆ. ಅವರು ಆ ಅಚ್ಚಿನ ಹಾಳೆ ಹಿಡ್ಕೊಂಡು ಕೂತಿರ್ತಾರೆ. ನೀವಿದ್ದಾಗ ನೀವು ಹೇಳಿದ ಹಾಗೆ. ಯಾರೂ ಇಲ್ದಾಗ ನನಗೆ ತೋಚಿದ ಹಾಗೆ."

"ಯಾವ ದಿನ ಯಾವ ಥರ ಅಂತ ನೆನಪಿದೆಯಾ?"

"ನಿನ್ನೆ ಊಟಕ್ಕೆ ಏನಿತ್ತು ಅಂತಲೇ ನೆನಪಿಲ್ಲ ತಾಯಿ."

ಇಂಜಿನ್ನು ಮತ್ತೆ ಜೋರಾಯಿತು. ಈ ಮನುಷ್ಯನಿಗೆ ನನ್ನ ಅಕ್ಕ ಎಲ್ಲಿದ್ದಾಳೆ ಎಂದು ಗೊತ್ತು. ಎಷ್ಟೋ ಸಲ ಅವಳ ಮನೆಯಲ್ಲಿ ಊಟ ಮಾಡಿದ್ದಾರೆ. ನನಗೆ ಒಳ್ಳೆಯದಾಗಲಿ ಎಂದು ಈಗ ಕತೆ ಕಟ್ಟುತ್ತಿದ್ದರೆ? ಹಾಗೆ ಅನುಮಾನಿಸಿದ್ದಕ್ಕೆ ನಾಚಿಕೆಯಾಯಿತು. ಅನುಮಾನ ಮಾತ್ರ ಹೋಗಲಿಲ್ಲ.

ಅಕ್ಕನ ಮನೆ ಎಂದರೆ ಎರಡು ಕೋಣೆ. ಬಾಗಿಲ ಪಕ್ಕದಲ್ಲಿ ಸಿಹಿನೀರಿನ ನೀಲಿ ಡ್ರಮ್ಮುಗಳು. ಕಿಟಕಿಯ ಸರಳುಗಳನ್ನು ಉಪ್ಪುಗಾಳಿ ತಿಂದು ಕಡ್ಡಿಯಷ್ಟು ಸಣ್ಣ ಮಾಡಿದೆ. ನಾನು ಹೋದಾಗ ಅವಳು ಹೊರಗೆ ಹಗ್ಗದ ಮೇಲೆ ಬಟ್ಟೆ ಮಗುಚಿ ಹಾಕುತ್ತಿದ್ದಳು. ಮಗಳು ದಡದ ಶಾಲೆಯ ಹಾಸ್ಟೆಲಿನಲ್ಲಿ ಇರುವುದರಿಂದ ಹಗ್ಗದ ಮೇಲೆ ಗಂಡಹೆಂಡಿರ ಬಟ್ಟೆ ಮಾತ್ರ.

"ಬಂದ್ಯಾ ಪುಟ್ಟಿ? ಎಷ್ಟು ಸೊರಗಿದ್ದೀಯ! ಮೀನು ಎಣಿಸ್ತಾ ಎಣಿಸ್ತಾ ನೀನೇ ಮುಳ್ಳಾಗ್ತಿದ್ದೀಯ."

ಒಳಗೆ ಕೂತು ಎಲ್ಲವನ್ನೂ ಹೇಳಿದೆ. ಮೊದಲು ಕೆಟ್ಟ ಸುದ್ದಿ, ಮುನ್ನೂರ ಅರವತ್ತು ಬಂದದ್ದು. ಅಕ್ಕ ಮಾಡುತ್ತಿದ್ದ ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಏನೋ ಹೊಳೆಯಿತು. ಹೆದರಿದಳೇನೋ ಎಂದುಕೊಂಡು ಬೇಗಬೇಗ ಒಳ್ಳೆಯ ಸುದ್ದಿಯನ್ನೂ ಹೇಳಿದೆ. ಲೆಕ್ಕದಲ್ಲಿ ತಪ್ಪಿರಬಹುದು, ಐನೂರು ದಾಟಬಹುದು, ನೀವು ಎಲ್ಲೂ ಹೋಗಬೇಕಿಲ್ಲ.

ಅಕ್ಕ ಕೆಳಗೆ ಕೂತಳು.

"ನಿನ್ನನ್ನ ಯಾರು ತಪ್ಪು ಹುಡುಕು ಅಂದಿದ್ದು?"

"ಅಕ್ಕ?"

"ಮೊದಲು ಬಂದದ್ದೇ ಇರಲಿ ಬಿಡೇ."

ನನಗೆ ಅರ್ಥವಾಗಲಿಲ್ಲ. "ದಿಬ್ಬ ಮುಚ್ತಾರೆ ಅಕ್ಕ. ಇಲ್ಲಿರೋಕೆ ಆಗಲ್ಲ."

"ಗೊತ್ತು. ಅದಕ್ಕೇ ಹೇಳ್ತಿರೋದು." ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನನ್ನ ಮಗಳು ರಜೆಗೆ ಬರೋ ನೆಂಟಳಾಗಿಬಿಟ್ಟಿದ್ದಾಳೆ. ಕಳೆದ ಸಲ ಬಂದವಳು ನೀರು ಬೇಕಾದ್ರೆ 'ತಗೋಬಹುದಾ' ಅಂತ ನನ್ನ ಕೇಳಿದ್ಲು ಪುಟ್ಟಿ. ನನ್ನನ್ನ! ದಡಕ್ಕೆ ಹೋಗೋಣ ಅಂತ ನಿಮ್ಮ ಭಾವಂಗೆ ನಾನು ಹೇಗೆ ಹೇಳ್ಲಿ? ಅವರಿಗೆ ಈ ದ್ವೀಪ ಬಿಟ್ರೆ ಉಸಿರಿಲ್ಲ. ನಾನು ಹೇಳಿದ್ರೆ ಗಂಡನ ಕಸುಬು ಕಿತ್ಕೊಂಡವಳು ಆಗ್ತೀನಿ. ಮೀನು ಹೇಳಿದ್ರೆ ಯಾರೂ ಯಾರನ್ನೂ ಬೈಯಂಗಿಲ್ಲ."

ಅಕ್ಕನಿಗಾಗಿ ಲೆಕ್ಕವನ್ನು ಮೇಲಕ್ಕೆ ಎಳೆಯುತ್ತಿದ್ದೇನೇನೋ ಎಂದು ಹೆದರಿ ನಿದ್ದೆಗೆಟ್ಟವಳು ನಾನು. ಅಕ್ಕನಿಗೆ ಬೇಕಾಗಿದ್ದದ್ದು ಕೆಳಗಿನ ಸಂಖ್ಯೆ. ಈಗ ಮುನ್ನೂರ ಅರವತ್ತನ್ನೇ ಉಳಿಸಿಕೊಂಡರೆ ಅಕ್ಕನ ಪಕ್ಷ, ತಿದ್ದಿದರೆ ಭಾವನ ಪಕ್ಷ. ಇದರಲ್ಲಿ ಮೀನಿನ ಪಕ್ಷ ಯಾವುದು?

ಆಗಲೇ ಭಾವ ಬಂದರು. ಭುಜದ ಮೇಲೆ ಒದ್ದೆ ಬಲೆ.

"ಏನಮ್ಮ, ಎಣಿಕೆ ಮುಗೀತಾ?"

"ಇನ್ನೂ ಇಲ್ಲ ಭಾವ. ಸ್ವಲ್ಪ ಗೊಂದಲ ಇದೆ."

"ಎಂಥ ಗೊಂದಲ? ಅತ್ತೆಮೀನು ಬೇಕಾದಷ್ಟಿವೆ. ಬಲೆಗೆ ಬೀಳಲ್ಲ, ಅದಕ್ಕೆ ನಿಮಗೆ ಕಾಣಲ್ಲ." ಅವರು ಬಲೆ ಇಳಿಸಿ, "ಇವಳನ್ನೇ ಕೇಳು" ಎಂದು ಅಕ್ಕನ ಕಡೆ ತೋರಿಸಿದರು.

"ಹೌದು, ಬೇಕಾದಷ್ಟಿವೆ" ಎಂದಳು ಅಕ್ಕ. ನನ್ನನ್ನು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಆಮೆಯಣ್ಣನಿಗೆ ಹೇಳಿದೆ, ಒಂದೇ ಟೇಪಿನ ಮೇಲೆ ಇಬ್ಬರೂ ಹೋಗೋಣ, ನೀವು ಹಿಂದೆ ಬರುವ ಮೀನನ್ನು ಬಿಟ್ಟು ಎಣಿಸಿ, ನಾನು ಕಂಡದ್ದನ್ನೆಲ್ಲ ಎಣಿಸುತ್ತೇನೆ. ಎರಡಕ್ಕೂ ಎಷ್ಟು ವ್ಯತ್ಯಾಸ ಎಂದು ಗೊತ್ತಾದರೆ ಹಳೆಯ ಲೆಕ್ಕ ಸರಿಪಡಿಸಬಹುದು. ನನಗೆ ಮುಳುಗಲು ಬರುವುದಿಲ್ಲ. ಟೇಪನ್ನು ದಿಬ್ಬದ ಮೇಲೆ ನೀರು ಕಡಿಮೆಯಿರುವ ಭಾಗದಲ್ಲಿ ಹಾಸಿದೆವು. ಸೊಂಟಕ್ಕೆ ತೇಲುಪಟ್ಟಿ ಕಟ್ಟಿಕೊಂಡು, ಮಾಸ್ಕ್ ಹಾಕಿ, ಮುಖ ಮಾತ್ರ ನೀರಿನಲ್ಲಿಟ್ಟೆ.

ಇಷ್ಟು ಕಾಲ ಗೀಟುಗಳಾಗಿ, ವಿಡಿಯೋಗಳಾಗಿ ನೋಡಿದ್ದನ್ನು ಆವತ್ತು ಮೀನಾಗಿ ನೋಡಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದು ಪೊಟರೆಯಲ್ಲಿ ಎರಡು ಬಿಳಿ ಉಂಗುರ. ನನ್ನನ್ನು ನೋಡಿತು. ನನ್ನ ಹಲಗೆಯನ್ನು ನೋಡಿತು. ಒಳಗೆ ಹೋಯಿತು. ಗೀಟು ಹಾಕುವಷ್ಟರಲ್ಲಿ ಪಕ್ಕದ ಪೊಟರೆಯಿಂದ ಎರಡು ಉಂಗುರ ಇಣುಕಿತು. ಇದು ಬೇರೆಯೋ, ಒಳದಾರಿಯಿಂದ ಬಂದ ಅದೇ ಮೀನೋ? ಹವಳದೊಳಗೆ ಎಲ್ಲಿಂದೆಲ್ಲಿಗೆ ದಾರಿಯಿದೆಯೋ ಯಾರಿಗೆ ಗೊತ್ತು. ಹಿಂತಿರುಗಿ ನೋಡಿದೆ. ನನ್ನ ಕಾಲಿನ ಹತ್ತಿರ ಎರಡು ಮೀನು ಬರುತ್ತಿದ್ದವು. ನಾನು ಅಲ್ಲಿಯವರೆಗೆ ಕಂಡದ್ದು ಹೆಚ್ಚೆಂದರೆ ಎರಡು, ಅದರಲ್ಲಿ ಒಂದರ ಬೆನ್ನಿನ ರೆಕ್ಕೆ ಹರಿದಿತ್ತು. ಹಿಂದೆ ಬರುತ್ತಿದ್ದ ಎರಡಕ್ಕೂ ರೆಕ್ಕೆ ನೆಟ್ಟಗಿತ್ತು. ಒಂದನ್ನಂತೂ ನಾನು ಕಂಡೇ ಇರಲಿಲ್ಲ ಅನ್ನಿಸಿತು. ಹಾಗಾದರೆ ಹಿಂದೆ ಬರುವುದೆಲ್ಲ ಎಣಿಸಿದ ಮೀನಲ್ಲ. ದಾಟಿ ಹೋಗುವಾಗ ನಮ್ಮ ಕಣ್ಣಿಗೆ ಬೀಳದೆ, ಹೋದ ಮೇಲೆ ಹೊರಗೆ ಬಂದವೂ ಅದರಲ್ಲಿವೆ. ಅವನ್ನು ಕಳೆಯುವುದೇ ತಪ್ಪು. ಆಮೆಯಣ್ಣ ಕಳೆದದ್ದೂ ತಪ್ಪು, ನಾನು ಕಳೆದದ್ದೂ ತಪ್ಪು. ಎಲ್ಲವೂ ಹಾಗಲ್ಲವಲ್ಲ! ಎಷ್ಟು ಹಾಗೆ, ಎಷ್ಟು ಹೀಗೆ?

ಟೇಪಿನ ಕೊನೆಯಲ್ಲಿ ಇಬ್ಬರೂ ತಲೆ ಎತ್ತಿದೆವು.

"ಏಳು" ಎಂದರು ಆಮೆಯಣ್ಣ.

"ಹದಿನಾರು" ಎಂದೆ.

"ಹದಿನಾರಾ? ಒಂದೇ ಅತ್ತೆ ಹತ್ತು ಸಲ ಬಂದು ಸೊಸೆ ನೋಡ್ಕೊಂಡು ಹೋಗಿದ್ದಾಳೆ ಬಿಡಿ."

ಅದೇ ಟೇಪಿನ ಮೇಲೆ ವಾಪಸು ಹೋದೆವು. ಈ ಸಲ ಅವರಿಗೆ ಹನ್ನೊಂದು, ನನಗೆ ಆರು. ಕಡಿಮೆ ಆಗಬೇಕಾದವರಿಗೆ ಜಾಸ್ತಿ, ಜಾಸ್ತಿ ಆಗಬೇಕಾದವಳಿಗೆ ಕಡಿಮೆ. ಇಬ್ಬರೂ ನೀರಿನಲ್ಲಿ ನಿಂತು ಒಬ್ಬರ ಹಲಗೆ ಒಬ್ಬರು ನೋಡಿಕೊಂಡೆವು. ಆಮೆಯಣ್ಣ ನಗಲು ಶುರುಮಾಡಿದರು. ನನಗೆ ಅಳು ಬಂದಿತ್ತು, ಮಾಸ್ಕ್ ಇದ್ದದ್ದಕ್ಕೆ ಯಾರಿಗೂ ಕಾಣಲಿಲ್ಲ.

ಆವತ್ತು ಮತ್ತೆ ಮತ್ತೆ ನೀರಿಗಿಳಿದು ಎಣಿಸಿದೆವು. ಸಂಜೆಯ ಹೊತ್ತಿಗೆ ಅಕ್ಕನ ಅಡುಗೆಕೋಣೆಯ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದೆ. ಹೇಗೆ ಹಾಕಿದರೂ ಒಂದು ಸಂಖ್ಯೆ ನಿಲ್ಲುತ್ತಿರಲಿಲ್ಲ. ಮುನ್ನೂರು ಇರಬಹುದು. ಎಂಟುನೂರೂ ಇರಬಹುದು. ನನಗೆ ಗೊತ್ತಿದ್ದದ್ದು ಅಷ್ಟೇ.

ದ್ವೀಪದಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅಕ್ಕನ ಹಿತ್ತಲ ಬಾಗಿಲಲ್ಲಿ ಮಾತ್ರ. ಅಕ್ಕ ಒಲೆಯ ಮುಂದಿದ್ದಳು, ಭಾವ ಹೊರಗೆ ಬಲೆಯ ಹರಕು ಹೊಲಿಯುತ್ತಿದ್ದರು. ನಾನು ಇಬ್ಬರ ಮಧ್ಯೆ ನಿಂತು ಮೇಡಂಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

"ಒಂದು ಸಂಖ್ಯೆ ಹೇಳಿ" ಎಂದರು ಮೇಡಂ.

"ಮುನ್ನೂರರಿಂದ ಎಂಟುನೂರರ ಒಳಗೆ, ಮೇಡಂ."

"ಇದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯ್ತು. ಐನೂರು ಅದರ ನಡುವೆಯೇ ಇದೆಯಲ್ರೀ."

"ಹೌದು ಮೇಡಂ."

"ನಿಮ್ಮ ಮುನ್ನೂರ ಅರವತ್ತು ನನ್ನ ಮೇಜಿನ ಮೇಲಿದೆ. ನೋಡಿ, ಅದೂ ನಿಮ್ಮ ಮುನ್ನೂರು ಎಂಟುನೂರರ ಒಳಗೇ ಬರುತ್ತೆ. ಅದನ್ನೇ ಕಳಿಸಿಬಿಡ್ಲಾ?"

ಒಲೆಯ ಮುಂದೆ ಅಕ್ಕನ ಕೈ ನಿಂತಿತು. ಹೊರಗೆ ಭಾವನ ಸೂಜಿಯೂ ನಿಂತಿದ್ದಿರಬೇಕು, ನನಗೆ ಕಾಣಲಿಲ್ಲ. ಹೂಂ ಎನ್ನುವುದು ಸುಲಭವಿತ್ತು. ಅದು ಸುಳ್ಳು ಎಂದು ಯಾರೂ ತೋರಿಸಲಾರರು, ಏಕೆಂದರೆ ಅದು ಸುಳ್ಳೇ ಎಂದು ನನಗೂ ಗೊತ್ತಿರಲಿಲ್ಲ.

"ಬೇಡ ಮೇಡಂ" ಎಂದೆ. "ಅದು ಹೇಗೆ ಬಂತು ಅಂತ ಈಗ ನನಗೆ ಗೊತ್ತು. ಅದನ್ನ ಕಳಿಸೋಕಾಗಲ್ಲ."

ಅವರು ಉಸಿರು ಬಿಟ್ಟದ್ದು ಕೇಳಿಸಿತು. "ಹಾಗಾದ್ರೆ ತೀರ್ಮಾನ ಮುಂದಿನ ವರ್ಷಕ್ಕೆ ಹೋಗುತ್ತೆ. ಇಬ್ಬರು ಮುಳುಗುಗಾರರನ್ನ ಹಾಕಿ ಮೊದಲಿಂದ ಎಣಿಸಬೇಕು. ವಾಪಸ್ ಬನ್ನಿ." ಕೋಪವೋ ಸಮಾಧಾನವೋ ದನಿಯಲ್ಲಿ ಗೊತ್ತಾಗಲಿಲ್ಲ.

ಫೋನ್ ಇಟ್ಟ ಮೇಲೆ ಭಾವ ಹೊರಗಿನಿಂದಲೇ ಕೇಳಿದರು. "ಏನಂತೆ?"

"ಮುಂದಿನ ವರ್ಷದವರೆಗೆ ಏನೂ ಇಲ್ಲ ಭಾವ. ದಿಬ್ಬ ಹೀಗೇ ಇರುತ್ತೆ."

"ನಾನು ಹೇಳಲಿಲ್ವಾ" ಎಂದರು. ಸೂಜಿ ಮತ್ತೆ ಆಡತೊಡಗಿತು.

ಅಕ್ಕ ಊಟ ಬಡಿಸಿದಳು. ಎಂದಿನಂತೆ ನನಗೆ ಎರಡನೇ ಸಲ ಬಲವಂತ ಮಾಡಿದಳು. ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಬೆಳಿಗ್ಗೆ ನಾನು ಹಾಸಿಗೆ ಸುತ್ತಿಡುವಾಗ ಅವಳು ಕಪಾಟಿನಿಂದ ಬಟ್ಟೆ ತೆಗೆದು ಬ್ಯಾಗಿಗೆ ತುಂಬುತ್ತಿದ್ದಳು. ಮಗಳಿಗೆ ಕಳಿಸುತ್ತಿದ್ದಾಳೆ ಎಂದುಕೊಂಡೆ. ಆದರೆ ಅವು ಅವಳ ಬಟ್ಟೆ.

"ಎಲ್ಲಿಗೆ ಅಕ್ಕ?"

"ನಿನ್ನ ಜೊತೆ. ನಿನ್ನ ರೂಮಲ್ಲಿ ಒಬ್ಬಳಿಗೆ ಮಲಗೋಕೆ ಜಾಗ ಇದೆ ತಾನೆ?"

"ಇದೆ. ಆದ್ರೆ... ನಾನು ಆ ಸಂಖ್ಯೆ ಹೇಳಲಿಲ್ಲ ಅಂತಾನಾ?"

"ನೀನು ಹೇಳೋದು ಹೇಳಿದೆ ಪುಟ್ಟಿ." ಅವಳು ಬ್ಯಾಗಿನ ಜಿಪ್ಪನ್ನು ಎರಡು ಕೈಯಲ್ಲಿ ಎಳೆದಳು. "ಮೀನು ನನ್ನ ಪರವಾಗಿ ಮಾತಾಡುತ್ತೆ ಅಂತ ಕಾಯ್ತಾ ಕೂತಿದ್ದೆ. ಅವಕ್ಕೆ ಅವುಗಳ ಲೆಕ್ಕವೇ ನೆಟ್ಟಗೆ ಗೊತ್ತಿಲ್ಲ. ನೀವು ಎಣಿಸಿ ಮುಗಿಸೋಷ್ಟರಲ್ಲಿ ನನ್ನ ಮಗಳಿಗೆ ಮದುವೆ ಆಗಿರುತ್ತೆ."

"ಭಾವಂಗೆ ಹೇಳಿದ್ಯಾ?"

"ಈಗ ಹೇಳ್ತೀನಿ."

ಹೊರಗೆ ಹೋದಳು. ನಾನು ಒಳಗೇ ನಿಂತೆ. ಕೇಳಿಸಿಕೊಳ್ಳಬಾರದು ಎಂದುಕೊಂಡೆ, ಎರಡು ಕೋಣೆಯ ಮನೆಯಲ್ಲಿ ಅದು ಸಾಧ್ಯವಿರಲಿಲ್ಲ.

"ನಾನು ಹೊರಡ್ತೀನಿ. ಮಗಳ ಹತ್ರ ಇರ್ತೀನಿ."

ಆಮೇಲೆ ಭಾವನ ದನಿ. "ದಿಬ್ಬ ಮುಚ್ಚಲ್ಲ ಅಂದ್ರಲ್ಲ?"

"ದಿಬ್ಬ ಮುಚ್ಚಲ್ಲ. ನಾನು ಹೊರಡ್ತೀನಿ."

"ಎಷ್ಟು ದಿನಕ್ಕೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಏನು?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ನೀವೂ ಬನ್ನಿ ಅಂತ ಕರೀತಿದ್ದೀನಿ. ಇವತ್ತೇ ಅಂತಲ್ಲ."

ಭಾವ ಏನಾದರೂ ಅಂದರೋ, ಅನ್ನಲಿಲ್ಲವೋ. ಗಾಳಿಗೆ ಡ್ರಮ್ಮಿನ ಮುಚ್ಚಳ ಬಡಿದುಕೊಳ್ಳುತ್ತಿತ್ತು.

ಜೆಟ್ಟಿಯ ಹತ್ತಿರ ಆಮೆಯಣ್ಣ ನಮ್ಮನ್ನು ನೋಡಿ, ಅಕ್ಕನ ಬ್ಯಾಗನ್ನು ನೋಡಿ, ತಮಾಷೆ ಮಾಡುವುದು ಬಿಟ್ಟು ಕೂರುವ ಜಾಗ ಒರೆಸಿಕೊಟ್ಟರು. ಅಕ್ಕ ಮುಂದಿನ ಹಲಗೆಯ ಮೇಲೆ ಕೂತಳು. ಭಾವ ಮನೆಯಲ್ಲೇ ಉಳಿದರು ಎಂದುಕೊಂಡಿದ್ದೆ. ಇಂಜಿನ್ ಚಾಲೂ ಆದಾಗ ಅವರು ಜೆಟ್ಟಿಯ ಮೇಲೆ ಬಂದರು, ಕೈಯಲ್ಲಿ ಏನೂ ಇರಲಿಲ್ಲ. ಕಂಬಕ್ಕೆ ಕಟ್ಟಿದ್ದ ಹಗ್ಗವನ್ನು ತಾವೇ ಬಿಚ್ಚಿದರು. ಎಸೆಯಬಹುದಿತ್ತು, ಎಸೆಯಲಿಲ್ಲ. ಸುರುಳಿ ಸುತ್ತಿ, ತುದಿ ಒಳಗೆ ಸಿಕ್ಕಿಸಿ, ಬಾಗಿ ಆಮೆಯಣ್ಣನ ಕೈಗೆ ಕೊಟ್ಟರು.

"ಆ ಕಡೆ ಅಲೆ ಜೋರಿದೆ, ಬಳಸಿಕೊಂಡು ಹೋಗು" ಎಂದರು.

ಅಕ್ಕನನ್ನು ನೋಡಲಿಲ್ಲ. ಅಕ್ಕನೂ ಅವರನ್ನು ನೋಡಲಿಲ್ಲ. ಆ ಮಾತಿನಲ್ಲಿ ಸಿಟ್ಟಿತ್ತೋ, ಒಪ್ಪಿಗೆಯಿತ್ತೋ, ನಾನು ಅವರ ಮುಖ ನೋಡಿದೆ, ಅಕ್ಕನ ಬೆನ್ನು ನೋಡಿದೆ. ಹೀಗೆ ಇರಬಹುದು, ಹಾಗೂ ಇರಬಹುದು.

ಬೋಟು ತಿರುಗಿತು. ನನ್ನಿಂದಾಗಿ ಇವಳು ಹೊರಟಳೋ, ನನ್ನ ಲೆಕ್ಕವನ್ನು ನಂಬಿ ಕೂತಿದ್ದರಿಂದ ಇಷ್ಟು ಕಾಲ ಹೊರಡದೆ ಉಳಿದಿದ್ದಳೋ ಎಂದು ಯೋಚಿಸುತ್ತ, ಅವಳ ಬ್ಯಾಗಿಗೆ ನೀರು ಹಾರದಂತೆ ನನ್ನ ಮಡಿಲಿಗೆ ಎಳೆದುಕೊಂಡೆ. ಬ್ಯಾಗು ಭಾರವಾಗಿತ್ತು. ಬಹಳ ದಿನದ ಬಟ್ಟೆ ಇರಬೇಕು. ಅಥವಾ ಅಕ್ಕನಿಗೆ ಬ್ಯಾಗು ತುಂಬಿ ಅಭ್ಯಾಸವಿಲ್ಲ.